ರಜೋನಿವೃತ್ತಿಯ ಅನಂತರದ ರಕ್ತಸ್ರಾವ: ಕಾರಣ ಮತ್ತು ಪರೀಕ್ಷಾಕ್ರಮ

ಸ್ತ್ರೀಯರ ತಿಂಗಳ ಸ್ರಾವಕ್ಕೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು. ಶಾಸ್ತ್ರಗ್ರಂಥಗಳು ಋತು, ರಜಸ್ಸು, ಆರ್ತವ ಎಂಬ ಪದಗಳನ್ನು ಬಳಸುತ್ತವೆ. ಮನೆಮಾತಿನಲ್ಲಿ ಅದು ಮುಟ್ಟು, ಹಳ್ಳಿಗಾಡಿನಲ್ಲಿ ‘ಹೊರಗಾಗುವುದು’. ಶಾಸ್ತ್ರದ ಪದಗಳು ಶರೀರದಲ್ಲಿ ನಡೆಯುವ ಒಂದು ಕ್ರಿಯೆಯನ್ನು ಸೂಚಿಸಿದರೆ, ಬಳಕೆಯ ಮಾತುಗಳು ಆ ದಿನಗಳಲ್ಲಿ ಸ್ತ್ರೀಯು ಮನೆಯಲ್ಲಿ ಎಲ್ಲಿರಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಸೂಚಿಸುತ್ತವೆ. ಈ ಭೇದವೇನೇ ಇರಲಿ, ಇವೆಲ್ಲವೂ ಒಂದು ಕಾಲನಿಯಮವನ್ನು ಒಳಗೊಂಡಿವೆ. ಋತುವೆಂದರೆ ನಿಯತವಾದ ಕಾಲ. ಆ ಕಾಲದಲ್ಲಿ ಉಂಟಾಗುವುದು ಆರ್ತವ. ಕಾಲನಿಯಮವನ್ನು ಬಿಟ್ಟು ತೋರುವ ರಕ್ತಕ್ಕೆ ಇವುಗಳಲ್ಲಿ ಯಾವ ಹೆಸರೂ ಸಲ್ಲದು.

ಪ್ರಾಚೀನ ವೈದ್ಯರು ಈ ವಿವೇಕವನ್ನು ಚೆನ್ನಾಗಿ ಅರಿತಿದ್ದರು. ಹನ್ನೆರಡನೆಯ ವಯಸ್ಸಿನಿಂದ ಮೊದಲಾದ ರಜಸ್ಸು ಐವತ್ತನೆಯ ವಯಸ್ಸಿನ ಹೊತ್ತಿಗೆ ಕ್ಷಯವಾಗುತ್ತದೆಂದು ಸುಶ್ರುತಸಂಹಿತೆ ನಿರೂಪಿಸುತ್ತದೆ. ಋತುಕಾಲವಲ್ಲದ ಕಾಲದಲ್ಲಿ ಪ್ರವರ್ತಿಸುವ ರಕ್ತಕ್ಕೆ ಅದೇ ಗ್ರಂಥವು ‘ಅಸೃಗ್ದರ’ ಎಂಬ ಬೇರೆ ಹೆಸರನ್ನೇ ಕೊಟ್ಟು, ಅದನ್ನು ರೋಗವೆಂದು ಎಣಿಸಿದೆ. ಚರಕಸಂಹಿತೆಯಲ್ಲಿ ಇದರ ಹೆಸರು ‘ಪ್ರದರ’. ಹೆಸರನ್ನು ಬೇರೆಯಾಗಿ ಇಟ್ಟುದರ ತಾತ್ಪರ್ಯವೇನೆಂದರೆ, ಇದು ಅದಲ್ಲ, ಇದನ್ನು ಬೇರೆಯಾಗಿಯೇ ವಿಚಾರಿಸಬೇಕು ಎಂಬುದು.

ನಿತ್ಯವ್ಯವಹಾರದಲ್ಲಾದರೋ ಈ ವಿವೇಕ ಮರೆಯಾಗಿದೆ. ಅರವತ್ತು ವರ್ಷದ ಒಬ್ಬ ತಾಯಿಗೆ, ಮುಟ್ಟು ನಿಂತು ಹತ್ತು ವರ್ಷಗಳಾದ ಬಳಿಕ, ಸೀರೆಯಲ್ಲಿ ರಕ್ತದ ಕಲೆ ಕಾಣಿಸುತ್ತದೆ. “ಮತ್ತೆ ಮುಟ್ಟಾದಂಗೈತೆ ಕಣವ್ವ” ಎಂದು ಆಕೆ ಸೊಸೆಯ ಕಿವಿಯಲ್ಲಿ ಹೇಳಿದರೆ ಅದೇ ಹೆಚ್ಚು. ಅನೇಕರು ಅದನ್ನೂ ಹೇಳುವುದಿಲ್ಲ. ಉಷ್ಣ ಹೆಚ್ಚಾಗಿದೆಯೆಂದು ಎಳನೀರು ಕುಡಿಯುತ್ತಾರೆ, ಮೆಂತ್ಯ ನೆನೆಸಿ ತಿನ್ನುತ್ತಾರೆ. ಎರಡು ದಿನಗಳಲ್ಲಿ ಕಲೆ ಮಾಯವಾದರೆ ವಿಷಯವೂ ಮರೆತುಹೋಗುತ್ತದೆ. ಮುಟ್ಟೆಂಬ ಹೆಸರು ಬಿದ್ದೊಡನೆ ಅದರೊಡನೆ ಬರುವ ಸಂಕೋಚ, ಮರೆ, ಮೌನಗಳೆಲ್ಲ ಜೊತೆಯಲ್ಲಿಯೇ ಬಂದುಬಿಡುತ್ತವೆ. ಹೀಗೆ ತಪ್ಪು ಹೆಸರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚಿಕಿತ್ಸೆಯನ್ನು ತಡೆದು ನಿಲ್ಲಿಸುತ್ತದೆ. ನಿಂತ ಮೇಲೆ ಬರುವುದು ಮುಟ್ಟಲ್ಲ; ಅದು ಶರೀರವು ಕೊಡುವ ಒಂದು ಸೂಚನೆ. ಸೂಚನೆಯ ಅರ್ಥವನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಈ ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಿವೃತ್ತಿಯ ಸ್ವರೂಪ

ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ಎರಡು ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಗರ್ಭಕೋಶದ ಒಳಪದರವು ತಿಂಗಳು ತಿಂಗಳೂ ಬೆಳೆದು ಕಳಚಿಬೀಳುತ್ತದೆ. ವಯಸ್ಸು ಕಳೆದಂತೆ ಅಂಡಾಶಯಗಳ ಶಕ್ತಿ ಕುಂದುತ್ತದೆ. ಮೊದಲು ಕಾಲ ತಪ್ಪುತ್ತದೆ, ಅನಂತರ ಸ್ರಾವ ವಿರಳವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಕೊನೆಯ ಮುಟ್ಟಿನಿಂದ ಹನ್ನೆರಡು ತಿಂಗಳು ಪೂರ್ತಿಯಾಗಿ ಸ್ರಾವವಿಲ್ಲದೆ ಕಳೆದರೆ ಅದನ್ನು ರಜೋನಿವೃತ್ತಿಯೆಂದು ನಿಶ್ಚಯಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ ೫೧ನೆಯ ವಯಸ್ಸಿನಲ್ಲಿ ಸಂಭವಿಸಿದರೆ, ಭಾರತದ ಸ್ತ್ರೀಯರಲ್ಲಿ ೪೬-೪೭ರ ಸುಮಾರಿಗೆ ಸಂಭವಿಸುತ್ತದೆ. ಎಪ್ಪತ್ತು, ಎಪ್ಪತ್ತೈದು ವರ್ಷ ಬಾಳುವ ತಾಯಿಯು ತನ್ನ ಆಯುಸ್ಸಿನ ಮೂರನೆಯ ಒಂದು ಪಾಲನ್ನು ಇದರ ಅನಂತರವೇ ಕಳೆಯುತ್ತಾಳೆಂದಾಯಿತು.

ನಿಲ್ಲುವ ಮುನ್ನಿನ ಎರಡು ಮೂರು ವರ್ಷಗಳಲ್ಲಿ ಕಾಲ ಏರುಪೇರಾಗುವುದು ಸಹಜ. ಆಗಲೂ ಸ್ರಾವ ವಿಪರೀತವಾದರೆ ವೈದ್ಯರನ್ನು ಕಾಣಬೇಕು. ಹನ್ನೆರಡು ತಿಂಗಳ ಗಡಿಯನ್ನು ದಾಟಿದ ಮೇಲೆ ‘ಸಹಜ’ವೆಂಬ ಮಾತಿಗೆ ಅವಕಾಶವೇ ಇಲ್ಲ. ಪ್ರಮಾಣ ಅಲ್ಪವೋ ಅಧಿಕವೋ, ಬಣ್ಣ ಕೆಂಪೋ ಕಂದೋ, ಒಂದು ದಿನವೋ ಹತ್ತು ದಿನವೋ, ನೋವಿದೆಯೋ ಇಲ್ಲವೋ ಎಂಬ ಎಣಿಕೆಯಿಂದ ಮನೆಯಲ್ಲಿಯೇ ತೀರ್ಮಾನ ಮಾಡಲಾಗದು. ಒಂದೇ ಒಂದು ತೊಟ್ಟು ಕಂಡರೂ ಪರೀಕ್ಷೆ ಅವಶ್ಯವೆಂಬುದು ಇಂದಿನ ವೈದ್ಯಶಾಸ್ತ್ರದ ನಿರ್ಣಯ.

ಸ್ರಾವಕ್ಕೆ ಕಾರಣಗಳು

ಕಾರಣಗಳು ಅನೇಕ. ಅವುಗಳಲ್ಲಿ ಬಹುಪಾಲು ನಿರಪಾಯಕರವಾದುವು ಎಂಬುದನ್ನು ಮೊದಲೇ ತಿಳಿಸುವುದು ಯುಕ್ತ. ಏಕೆಂದರೆ ಭಯವೂ ಮೌನದಷ್ಟೇ ಚಿಕಿತ್ಸೆಗೆ ಅಡ್ಡಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಒಳಪದರದ ಕೃಶತೆ. ಈಸ್ಟ್ರೋಜನ್ ಕಡಿಮೆಯಾದಾಗ ಗರ್ಭಕೋಶದ ಒಳಪದರವೂ ಯೋನಿಮಾರ್ಗದ ಚರ್ಮವೂ ತೆಳುವಾಗಿ, ಒಣಗಿ, ಅಲ್ಪ ಘರ್ಷಣೆಗೂ ಬಿರಿದು ರಕ್ತ ಜಿನುಗುತ್ತದೆ. ಬೇಸಗೆಯಲ್ಲಿ ನೀರಾರಿದ ಗದ್ದೆಯ ಮಣ್ಣು ಬಿರುಕುಬಿಡುವುದನ್ನು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಎರಡನೆಯದು ಪಾಲಿಪ್. ಇದು ಒಳಪದರದಿಂದಾಗಲಿ ಗರ್ಭಕೋಶದ ಕೊರಳಿನಿಂದಾಗಲಿ ಹೊರಡುವ ಮೆತ್ತನೆಯ ಮಾಂಸದ ಕುಡಿ. ಬಹುಮಟ್ಟಿಗೆ ಸಾಧುವಾದುದಾದರೂ ಇದನ್ನು ತೆಗೆದು ಪರೀಕ್ಷಿಸುವುದು ಪದ್ಧತಿ. ಗರ್ಭಕೋಶದ ನಾರುಗಡ್ಡೆಗಳು ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಅಪರೂಪವಾಗಿ ಅವೂ ಸ್ರಾವಕ್ಕೆ ಕಾರಣವಾಗಬಹುದು.

ಮೂರನೆಯದು ಒಳಪದರದ ಅತಿಬೆಳವಣಿಗೆ. ಪ್ರೊಜೆಸ್ಟರೋನಿನ ಹಿಡಿತವಿಲ್ಲದೆ ಈಸ್ಟ್ರೋಜನ್ ಒಂದೇ ದೀರ್ಘಕಾಲ ಕೆಲಸಮಾಡಿದರೆ ಒಳಪದರ ದಪ್ಪಗಾಗುತ್ತ ಹೋಗುತ್ತದೆ. ಅಂಡಾಶಯಗಳು ವಿಶ್ರಮಿಸಿದ ಮೇಲೆ ಈಸ್ಟ್ರೋಜನ್ ಎಲ್ಲಿಂದ ಬಂದೀತೆಂಬ ಪ್ರಶ್ನೆ ಸಹಜ. ಶರೀರದ ಕೊಬ್ಬು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ನಾಗಿ ಪರಿವರ್ತಿಸಬಲ್ಲುದು. ಆದಕಾರಣ ಸ್ಥೂಲಕಾಯದವರಲ್ಲಿಯೂ, ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಉಳ್ಳವರಲ್ಲಿಯೂ ಇದರ ಸಂಭವ ಹೆಚ್ಚು. ಈಸ್ಟ್ರೋಜನ್ ಮಾತ್ರೆಗಳನ್ನು ಒಂಟಿಯಾಗಿ ಸೇವಿಸುವವರಲ್ಲಿ ಗರ್ಭಕೋಶದ ಕ್ಯಾನ್ಸರ್ ಅಧಿಕವೆಂಬ ಸಂಗತಿ ೧೯೭೫ರಲ್ಲಿ ಅಮೆರಿಕದ ಅಧ್ಯಯನಗಳಿಂದ ಬೆಳಕಿಗೆ ಬಂದಿತು. ಅಲ್ಲಿಂದೀಚೆಗೆ ಗರ್ಭಕೋಶವಿರುವ ಸ್ತ್ರೀಯರಿಗೆ ಅದನ್ನು ಪ್ರೊಜೆಸ್ಟರೋನ್ ಬಗೆಯ ಔಷಧಿಯೊಡನೆ ಸೇರಿಸಿ ಕೊಡುವುದು ರೂಢಿಯಾಯಿತು. ಸ್ತನದ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಸೇವಿಸುವವರ ಒಳಪದರವೂ ಇದೇ ರೀತಿ ಬೆಳೆಯಬಹುದು. ಅಂಡಾಶಯದ ಕೆಲವು ವಿರಳ ಗಡ್ಡೆಗಳು ತಾವೇ ಈಸ್ಟ್ರೋಜನ್ನನ್ನು ಸ್ರವಿಸಿ ಇದೇ ಪರಿಣಾಮವನ್ನು ಉಂಟುಮಾಡುತ್ತವೆ. ಅತಿಬೆಳವಣಿಗೆಯಲ್ಲಿ ಕೆಲವು ಬಗೆಗಳು ಕಾಲಾಂತರದಲ್ಲಿ ಕ್ಯಾನ್ಸರಾಗಿ ಮಾರ್ಪಡುವುದರಿಂದ ಅದನ್ನು ಉಪೇಕ್ಷಿಸುವಂತಿಲ್ಲ.

ನಾಲ್ಕನೆಯದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಂತೆ, ರಜೋನಿವೃತ್ತಿಯ ಅನಂತರ ಸ್ರಾವ ಕಂಡ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಈ ವ್ಯಾಧಿ ಇದ್ದಿತು. ಉಳಿದವರಿಗೆ ಅದು ಇರಲಿಲ್ಲವೆಂಬುದು ಸಮಾಧಾನದ ಮಾತು. ಅದೇ ವಿಶ್ಲೇಷಣೆಯ ಇನ್ನೊಂದು ಮುಖವನ್ನು ಗಮನಿಸಬೇಕು: ಈ ಕ್ಯಾನ್ಸರ್ ಇದ್ದ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ರಕ್ತಸ್ರಾವ ಕಾಣಿಸಿಕೊಂಡಿತ್ತು. ಒಡಲಿನ ಒಳಗೆ ಹುಟ್ಟುವ ವ್ಯಾಧಿಗಳು ಇಷ್ಟು ಮುಂಚಿತವಾಗಿ, ಇಷ್ಟು ಸ್ಪಷ್ಟವಾಗಿ ಎಚ್ಚರಿಕೆ ಕೊಡುವುದು ಅಪೂರ್ವ. ಗರ್ಭಕೋಶದ ಎಲ್ಲೆಯನ್ನು ಮೀರುವ ಮುನ್ನ ಪತ್ತೆಯಾದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಅನಂತರವೂ ಬದುಕಿರುತ್ತಾರೆ.

ಐದನೆಯದು ಗರ್ಭಕೋಶದ ಕೊರಳಿನ ಕ್ಯಾನ್ಸರ್. ನಮ್ಮ ದೇಶದ ಮಟ್ಟಿಗೆ ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ೨೦೨೨ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು ೧ ಲಕ್ಷ ೨೭ ಸಾವಿರ ಸ್ತ್ರೀಯರಿಗೆ ಇದು ಹೊಸದಾಗಿ ಬಂದಿತು. ಸುಮಾರು ೮೦ ಸಾವಿರ ಮಂದಿ ಇದರಿಂದ ಮೃತರಾದರು. ಸ್ರಾವದ ಜೊತೆಗೆ ದುರ್ವಾಸನೆಯ ಬಿಳಿಸೆರಗು, ದಾಂಪತ್ಯದ ಅನಂತರ ರಕ್ತ ಕಾಣುವುದು, ಸೊಂಟದ ನೋವು ಇವು ಇದರ ಲಕ್ಷಣಗಳು. ಇದರ ಮೂಲ ಎಚ್.ಪಿ.ವಿ. ಎಂಬ ವೈರಾಣು. ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇವಲ್ಲದೆ ಇನ್ನೂ ಕೆಲವು ಕಾರಣಗಳುಂಟು. ಎಂದೋ ಹಾಕಿಸಿಕೊಂಡ ಕಾಪರ್-ಟಿ ಮರೆತು ಒಳಗೇ ಉಳಿದಿರಬಹುದು. ಗರ್ಭಕೋಶ ಜಾರಿ ಹೊರಬಂದವರಲ್ಲಿ ಅದು ಬಟ್ಟೆಗೆ ಉಜ್ಜಿ ಹುಣ್ಣಾಗಬಹುದು. ಅದನ್ನು ತಡೆಯಲು ಇಟ್ಟ ರಿಂಗು ಒತ್ತಿ ಗಾಯವಾಗಬಹುದು. ಗರ್ಭಕೋಶದ ಸೋಂಕಿನಿಂದಲೂ ಕ್ಷಯದಿಂದಲೂ ಸ್ರಾವ ಉಂಟಾಗಬಹುದು. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಸೇವಿಸುವ ಮಾತ್ರೆಗಳು ಸ್ರಾವವನ್ನು ಹೆಚ್ಚಿಸಬಹುದು. ಆದರೆ ಮಾತ್ರೆಯ ಮೇಲೆ ತಪ್ಪನ್ನು ಹೊರಿಸಿ ಪರೀಕ್ಷೆಯನ್ನು ಬಿಡಲಾಗದು, ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಲೂ ಆಗದು. ಕೆಲವೊಮ್ಮೆ ರಕ್ತ ಬರುವುದು ಮೂತ್ರದ್ವಾರದಿಂದಲೋ ಮೂಲವ್ಯಾಧಿಯಿಂದಲೋ ಇರುತ್ತದೆ. ಬಟ್ಟೆಯ ಮೇಲಿನ ಕಲೆಯನ್ನು ಮಾತ್ರ ನೋಡಿ ರಕ್ತವು ಎಲ್ಲಿಂದ ಬಂದಿತೆಂದು ಹೇಳುವುದು ಸಾಧ್ಯವಿಲ್ಲ.

ಪರೀಕ್ಷಾಕ್ರಮ

ಪರೀಕ್ಷೆಯೆಂದೊಡನೆ ವಯಸ್ಸಾದ ತಾಯಂದಿರು ಅಂಜುವುದು ಏನು ನಡೆಯುವುದೆಂದು ತಿಳಿಯದಿರುವುದರಿಂದ. ಕ್ರಮವನ್ನು ಮೊದಲೇ ತಿಳಿದರೆ ಅಂಜಿಕೆ ಅರ್ಧ ಇಳಿಯುತ್ತದೆ.

ಮೊದಲನೆಯದು ವಿಚಾರಣೆ. ಮುಟ್ಟು ಯಾವಾಗ ನಿಂತಿತು, ರಕ್ತ ಎಂದು ಕಂಡಿತು, ಎಷ್ಟು ಸಲ ಕಂಡಿತು, ಜೊತೆಗೆ ನೋವು, ಬಿಳಿಸೆರಗು, ತೂಕ ಇಳಿಯುವುದು ಇವೆಯೇ, ಯಾವ ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದಾರೆ, ಸಕ್ಕರೆ ಕಾಯಿಲೆ ಇದೆಯೇ, ಕಾಪರ್-ಟಿ ಹಾಕಿಸಿದ್ದುಂಟೇ, ತಾಯಿ, ಅಕ್ಕತಂಗಿಯರು, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಗರ್ಭಕೋಶದ ಅಥವಾ ಕರುಳಿನ ಕ್ಯಾನ್ಸರ್ ಇದ್ದಿತೇ ಎಂಬ ಪ್ರಶ್ನೆಗಳನ್ನು ವೈದ್ಯರು ಕೇಳುತ್ತಾರೆ. ಅಕ್ಷರ ಬಲ್ಲ ಮಗನೋ ಮಗಳೋ ಇವುಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮಾತ್ರೆಗಳ ಪೊಟ್ಟಣವನ್ನೂ ಹಳೆಯ ಆಸ್ಪತ್ರೆಯ ಕಾಗದಗಳನ್ನೂ ಜೊತೆಗೆ ಕಳುಹಿಸಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಶರೀರಪರೀಕ್ಷೆ. ಹೊಟ್ಟೆಯನ್ನು ಮುಟ್ಟಿ ನೋಡಿ, ಸಣ್ಣ ಉಪಕರಣವೊಂದರಿಂದ ಯೋನಿಮಾರ್ಗವನ್ನೂ ಗರ್ಭಕೋಶದ ಕೊರಳನ್ನೂ ಕಣ್ಣಾರೆ ಪರೀಕ್ಷಿಸುತ್ತಾರೆ. ಇದಕ್ಕೆ ಕೆಲವೇ ನಿಮಿಷಗಳು ಸಾಕು. ಮಹಿಳಾ ವೈದ್ಯರೇ ಬೇಕೆಂದು ಕೇಳುವುದಕ್ಕೂ, ಮಗಳನ್ನೋ ಸೊಸೆಯನ್ನೋ ಹತ್ತಿರ ಇರಿಸಿಕೊಳ್ಳಬಯಸುವುದಕ್ಕೂ ಸಂಕೋಚಪಡಬೇಕಾಗಿಲ್ಲ. ಕೊರಳಿನ ಹುಣ್ಣು, ಕೊರಳಿನಲ್ಲಿ ಇಣುಕುವ ಪಾಲಿಪ್, ಚರ್ಮದ ಕೃಶತೆ ಇವು ಈ ಹಂತದಲ್ಲಿಯೇ ಗೋಚರಿಸುತ್ತವೆ. ಕಣ್ಣಿಗೆ ಕಾಣುವ ಹುಣ್ಣಿದ್ದರೆ ಅದರಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇಲ್ಲದಿದ್ದರೆ ಕೊರಳಿನ ಮೇಲಿನ ಜೀವಕೋಶಗಳನ್ನು ಮೃದುವಾಗಿ ತೀಡಿ ಗಾಜಿನ ಮೇಲೆ ಹರಡಿ ನೋಡುತ್ತಾರೆ. ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಪಾಪನಿಕೊಲಾವ್ ಎಂಬ ವಿಜ್ಞಾನಿ ೧೯೪೦ರ ದಶಕದಲ್ಲಿ ಬಳಕೆಗೆ ತಂದ ಇದಕ್ಕೆ ಅವನ ಹೆಸರಿನಿಂದಲೇ ಪ್ಯಾಪ್ ಪರೀಕ್ಷೆಯೆಂದು ಹೆಸರಾಯಿತು. ಇಲ್ಲೊಂದು ಎಚ್ಚರಿಕೆ ಅಗತ್ಯ. ಪ್ಯಾಪ್ ಪರೀಕ್ಷೆ ಕೊರಳಿಗೆ ಸಂಬಂಧಿಸಿದ್ದು. ಅದು ಸರಿಯಾಗಿದೆಯೆಂದ ಮಾತ್ರಕ್ಕೆ ಗರ್ಭಕೋಶದ ಒಳಗೂ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಾರದು.

ಮೂರನೆಯದು ಸ್ಕ್ಯಾನಿಂಗ್. ಶಬ್ದತರಂಗಗಳಿಂದ ಗರ್ಭಕೋಶದ ಚಿತ್ರವನ್ನು ಪಡೆಯುವ ಈ ಪರೀಕ್ಷೆಯನ್ನು ಯೋನಿಮಾರ್ಗದ ಮೂಲಕ ಮಾಡಿದರೆ ಒಳಪದರದ ದಪ್ಪವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬಹುದು. ೧೯೯೫ರಲ್ಲಿ ಯೂರೋಪಿನ ನಾರ್ಡಿಕ್ ದೇಶಗಳ ವೈದ್ಯರು ಇಂತಹ ಸ್ರಾವವಿದ್ದ ಒಂದು ಸಾವಿರಕ್ಕೂ ಮಿಕ್ಕ ಸ್ತ್ರೀಯರನ್ನು ಪರೀಕ್ಷಿಸಿ, ಒಳಪದರ ನಾಲ್ಕು ಮಿಲಿಮೀಟರು ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರಿನ ಸಂಭವ ಅತ್ಯಲ್ಪವೆಂದು ತೋರಿಸಿದರು. ಇಂದಿಗೂ ಆ ನಾಲ್ಕು ಮಿಲಿಮೀಟರಿನ ಗೆರೆಯೇ ಬಹುಮಟ್ಟಿಗೆ ಪ್ರಮಾಣವಾಗಿದೆ. ಆದರೆ ಒಳಪದರ ತೆಳುವಾಗಿದ್ದರೂ ಸ್ರಾವ ಮರುಕಳಿಸುತ್ತಿದ್ದರೆ ಈ ಅಳತೆಯನ್ನು ನಂಬಿ ಸುಮ್ಮನಿರದೆ ಮುಂದಿನ ಪರೀಕ್ಷೆಗೆ ಹೋಗಬೇಕು.

ನಾಲ್ಕನೆಯದು ಬಯಾಪ್ಸಿ. ಒಳಪದರ ದಪ್ಪವಾಗಿದ್ದರೆ, ಅಥವಾ ಸ್ಪಷ್ಟವಾಗಿ ಕಾಣದಿದ್ದರೆ, ತೆಳುವಾದ ಕೊಳವೆಯೊಂದನ್ನು ಕೊರಳಿನ ಮೂಲಕ ಒಳಗೆ ಹಾಯಿಸಿ ಒಳಪದರದ ಚೂರನ್ನು ಹೀರಿ ತೆಗೆಯುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಅರಿವಳಿಕೆ ಬೇಕಾಗುವುದಿಲ್ಲ. ಮುಟ್ಟಿನ ಹೊಟ್ಟೆನೋವಿನಂತಹ ನೋವು ಸ್ವಲ್ಪ ಹೊತ್ತು ಇರುತ್ತದೆ. ರೋಗದ ಬಗೆಯನ್ನು ನಿಶ್ಚಯವಾಗಿ ಹೇಳುವುದು ಈ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ. ಕೊರಳು ಕಿರಿದಾಗಿದ್ದರೆ ಅಥವಾ ಚೂರು ಸಾಲದಾದರೆ ಅರಿವಳಿಕೆ ಕೊಟ್ಟು ಒಳಪದರವನ್ನು ಕೆರೆದು ತೆಗೆಯುತ್ತಾರೆ. ಆಡುಮಾತಿನಲ್ಲಿ ಇದೇ ಡಿ ಅಂಡ್ ಸಿ.

ಐದನೆಯದು ಹಿಸ್ಟೆರೋಸ್ಕೋಪಿ. ಬೆಳಕಿನ ಸಣ್ಣ ದೂರ್ಬೀನನ್ನು ಗರ್ಭಕೋಶದೊಳಗೆ ಇಳಿಸಿ ಕಣ್ಣಿನಿಂದಲೇ ನೋಡುವ ವಿಧಾನವಿದು. ಪಾಲಿಪ್ ಇದ್ದರೆ ಆಗಲೇ ತೆಗೆದುಬಿಡಬಹುದು. ಈ ವಿಧಾನದ ಚರಿತ್ರೆಯೇ ಪ್ರಸ್ತುತ ವಿಷಯದಿಂದ ಆರಂಭವಾಗುತ್ತದೆಂಬುದು ಸ್ವಾರಸ್ಯಕರ. ೧೮೬೯ರಲ್ಲಿ ಪಾಂಟಲಿಯೋನಿ ಎಂಬ ವೈದ್ಯನು, ಯಾವ ಔಷಧಿಗೂ ನಿಲ್ಲದ ಸ್ರಾವದಿಂದ ಬಳಲುತ್ತಿದ್ದ ಅರವತ್ತು ವರ್ಷದ ಸ್ತ್ರೀಯೊಬ್ಬಳ ಗರ್ಭಕೋಶದೊಳಗೆ ನಳಿಗೆಯನ್ನು ಇಳಿಸಿ ನೋಡಿ, ಅಲ್ಲಿ ಪಾಲಿಪ್ ಬೆಳೆದಿರುವುದನ್ನು ಕಂಡು, ಅದನ್ನು ಸುಟ್ಟು ಉಪಶಮನ ಮಾಡಿದನು. ಒಳಗನ್ನು ಕಾಣದೆ ಔಷಧಿ ಕೊಡುವುದರಿಂದ ಪ್ರಯೋಜನವಿಲ್ಲವೆಂಬುದು ಅಂದೇ ಸಿದ್ಧವಾಗಿತ್ತು.

ಈ ಐದೂ ಎಲ್ಲರಿಗೂ ಬೇಕಾಗುವುದಿಲ್ಲ. ಅನೇಕರ ವಿಷಯದಲ್ಲಿ ಮೊದಲ ಮೂರರಲ್ಲಿಯೇ ಉತ್ತರ ದೊರೆಯುತ್ತದೆ. ಸ್ರಾವ ಕಂಡ ಎರಡು ವಾರಗಳೊಳಗಾಗಿ ವೈದ್ಯರನ್ನು ಕಾಣುವುದು ಲೇಸು. ರಕ್ತ ಧಾರೆಯಾಗಿ ಹೋಗುತ್ತಿದ್ದರೆ, ತಲೆಸುತ್ತು ಬವಳಿ ಬರುತ್ತಿದ್ದರೆ, ಅಂದೇ ಹೋಗಬೇಕು.

ಪರೀಕ್ಷೆಗೆ ಮೊದಲು ಶಸ್ತ್ರಕ್ರಿಯೆ ಸಲ್ಲದು

ಕಾರಣಕ್ಕೆ ತಕ್ಕಂತೆ ಚಿಕಿತ್ಸೆಯೂ ಬೇರೆ ಬೇರೆ. ಕೃಶತೆಗೆ ಲೇಪನದ ಔಷಧಿ ಸಾಕಾಗಬಹುದು. ಪಾಲಿಪ್ಪನ್ನು ತೆಗೆದರೆ ಮುಗಿಯಿತು. ಅತಿಬೆಳವಣಿಗೆಯಲ್ಲಿ ಕೆಲವಕ್ಕೆ ಹಾರ್ಮೋನು ಚಿಕಿತ್ಸೆ, ಕೆಲವಕ್ಕೆ ಶಸ್ತ್ರಕ್ರಿಯೆ. ಕ್ಯಾನ್ಸರಾದರೆ ಅದರ ಹಂತವನ್ನು ನೋಡಿ ಶಸ್ತ್ರಕ್ರಿಯೆ, ವಿಕಿರಣ, ಔಷಧಿ. ಹೀಗಿರುವಾಗ ಕಾರಣವನ್ನು ತಿಳಿಯದೆಯೇ “ವಯಸ್ಸಾಯಿತು, ಗರ್ಭಕೋಶ ಇನ್ನೇಕೆ, ತೆಗೆಸಿಬಿಡಿ” ಎಂಬ ಮಾತಿಗೆ ಒಪ್ಪುವುದು ಮೌನದಷ್ಟೇ ಅಪಾಯಕರ. ಬೇಡದ ಶಸ್ತ್ರಕ್ರಿಯೆಯ ಕಷ್ಟನಷ್ಟಗಳು ಒಂದು ಕಡೆ. ಕ್ಯಾನ್ಸರಿದ್ದು ಅದನ್ನು ಅರಿಯದೆ ಸಾಧಾರಣ ಶಸ್ತ್ರಕ್ರಿಯೆ ಮಾಡಿದರೆ ಮುಂದಿನ ಚಿಕಿತ್ಸೆ ಜಟಿಲವಾಗುವುದು ಇನ್ನೊಂದು ಕಡೆ. ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ೨೦೨೨ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು; ಅವುಗಳನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೩ರಲ್ಲಿ ಆದೇಶಿಸಿತು. ಬಯಾಪ್ಸಿಯ ವರದಿಯನ್ನು ಕೇಳಿ ನೋಡಿದ ಬಳಿಕವೇ ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಡುವುದು ಮನೆಯವರ ಕರ್ತವ್ಯ. ಹಿಂದೆಯೇ ಗರ್ಭಕೋಶ ತೆಗೆಸಿಕೊಂಡವರಿಗೆ ರಕ್ತ ಕಂಡರೂ ಪರೀಕ್ಷೆ ಬೇಕೇ ಬೇಕು.

ಬೆಳಗೊಳದ ಸೀಮೆಯಲ್ಲಿ

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆಗೆ ಹೋಗುವ ಹಾದಿಯಲ್ಲಿರುವ ಬೆಳಗೊಳವೂ ಅದರ ಸುತ್ತಿನ ಗ್ರಾಮಗಳೂ ಕಾವೇರಿಯ ನೀರಿನಿಂದ ಹಸುರಾದ ಊರುಗಳು. ಇಲ್ಲಿ ಐವತ್ತು ದಾಟಿದ ತಾಯಂದಿರು ಮನೆಯಲ್ಲಿ ಕುಳಿತವರಲ್ಲ. ಬತ್ತದ ನಾಟಿ, ಕಳೆ, ಕಬ್ಬಿನ ಗದ್ದೆಯ ಕೆಲಸ, ಹಸುವಿನ ಹಾಲು ಕರೆದು ಡೈರಿಗೆ ಹಾಕುವುದು, ಮೊಮ್ಮಕ್ಕಳನ್ನು ಶಾಲೆಗೆ ಕಳುಹಿಸುವುದು, ಇವೆಲ್ಲವೂ ಅವರಿಂದಲೇ ನಡೆಯುತ್ತವೆ. ಸೊಂಟದ ನೋವಾದರೂ ನಾಟಿ ಮುಗಿಯಲಿ ಎಂದು ಮುಂದೂಡುವ ಸ್ವಭಾವ ಅವರದು. ಅಂತಹವರು ಒಂದು ರಕ್ತದ ಕಲೆಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆಂದು ನಿರೀಕ್ಷಿಸಲಾಗದು. ಯಾರಾದರೂ ಕರೆದುಕೊಂಡೇ ಹೋಗಬೇಕು.

ಕರೆದೊಯ್ಯುವವರಿಗೆ ದಾರಿ ದೂರವಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಪರೀಕ್ಷೆಗೆ ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಸಂಸ್ಥೆ ಇದೆ. ಬೆಳಗೊಳದವರಿಗೆ ಇನ್ನೂ ಹತ್ತಿರವಾದ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆಯೂ ಸುತ್ತೂರು ಮಠದ ಜೆ.ಎಸ್.ಎಸ್. ಆಸ್ಪತ್ರೆಯೂ ಇವೆ. ಕ್ಯಾನ್ಸರಿನ ಚಿಕಿತ್ಸೆಗೆ ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಾಡಿಗೆಲ್ಲ ಪರಿಚಿತ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರವನ್ನು ಪಡೆಯುವುದನ್ನು ಮರೆಯಬಾರದು.

ಶರಣರ ದೃಷ್ಟಿ

ದಾರಿಯಿದೆ, ಆಸ್ಪತ್ರೆಯಿದೆ, ನೆರವಿದೆ. ಆದರೂ ಹೋಗಗೊಡದಂತೆ ತಡೆಯುವುದು ಸೂತಕದ ಭಾವನೆಯೆಂದರೆ, ಶರಣಪರಂಪರೆಗೆ ಸೇರಿದ ಮನೆಗಳು ಒಂದು ಮಾತನ್ನು ನೆನೆಯಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಪಂಚಸೂತಕಗಳನ್ನು ಅಲ್ಲಗಳೆದರು. ಇಷ್ಟಲಿಂಗವನ್ನು ಧರಿಸಿದ ಸ್ತ್ರೀಗೆ ತಿಂಗಳ ಯಾವ ದಿನವೂ ಪೂಜೆಗೆ ವರ್ಜ್ಯವಲ್ಲ. ಲಿಂಗಾರ್ಚನೆಯಲ್ಲಿ ನಿರತಳಾದವಳಿಗೆ ಋತುಸೂತಕವಿಲ್ಲವೆಂಬ ಅಭಿಪ್ರಾಯವು ಸಿದ್ಧಾಂತಶಿಖಾಮಣಿಯಲ್ಲಿಯೂ ಬಂದಿದೆ. ಅಕ್ಕಮಹಾದೇವಿ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದವರು ಅನುಭಾವದ ಮಾತನ್ನು ನುಡಿಯಲು ಸಾಧ್ಯವಾದುದು ಸ್ತ್ರೀಶರೀರವನ್ನು ಹೀನವೆಂದು ಎಣಿಸದ ಆ ನೆಲೆಯಲ್ಲಿಯೇ. ಎಂಟುನೂರು ವರ್ಷಗಳ ಹಿಂದೆಯೇ ಸಹಜವಾದ ಮುಟ್ಟಿನಲ್ಲಿ ಸೂತಕವಿಲ್ಲವೆಂದವರ ಪರಂಪರೆಯಲ್ಲಿ, ಮುಟ್ಟೇ ಅಲ್ಲದ ಒಂದು ವ್ಯಾಧಿಯ ಲಕ್ಷಣವನ್ನು ನಾಚಿಕೆಯಿಂದ ಮರೆಮಾಡುವುದು ಎಷ್ಟು ಅಸಂಗತವೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ತ್ರೀರೋಗಗಳನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆಯಬಹುದೆಂದು ತೋರಿಸಿಕೊಟ್ಟವರಲ್ಲಿ ಡಾ. ಅನುಪಮಾ ನಿರಂಜನ ಪ್ರಮುಖರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಮೊದಲಾದ ಕೃತಿಗಳು ಮನೆಮನೆಯಲ್ಲಿ ಓದಿಸಿಕೊಂಡವು. ೧೯೯೧ರಲ್ಲಿ ಕ್ಯಾನ್ಸರಿನಿಂದಲೇ ನಿಧನರಾದ ಅವರು ಗೃಹಿಣಿಯ ಕೈಗೆ ಕೊಟ್ಟುಹೋದುದು ಮಾತನ್ನು. ವೈದ್ಯರ ಮುಂದೆ ಹೇಳಲು ಮಾತೇ ಇಲ್ಲದವಳಿಗೆ ಔಷಧಿ ದೊರೆಯುವುದಾದರೂ ಹೇಗೆ?

ಕರ್ತವ್ಯ

ಇಷ್ಟನ್ನು ವಿಚಾರಿಸಿದ ಮೇಲೆ ವಿದ್ಯಾಸಂಸ್ಥೆಯೊಂದರ ಬಳಗಕ್ಕೆ ಇದರಲ್ಲಿ ಕರ್ತವ್ಯವೇನೆಂಬುದು ಉಳಿಯುತ್ತದೆ. ಅಧ್ಯಾಪಕಿಯರು ತಾಯಂದಿರ ಸಭೆಯಲ್ಲಿ ಮಕ್ಕಳ ಅಂಕಗಳ ಮಾತು ಮುಗಿದ ಮೇಲೆ ಈ ವಿಷಯವನ್ನು ಹತ್ತು ನಿಮಿಷ ತಿಳಿಸಬಹುದು. ಸರ್ಕಾರದ ಕಾರ್ಯಕ್ರಮದಂತೆ ಮೂವತ್ತು ದಾಟಿದ ಸ್ತ್ರೀಯರಿಗೆ ಗರ್ಭಕೋಶದ ಕೊರಳಿನ ತಪಾಸಣೆ ಉಚಿತವಾಗಿ ದೊರೆಯುತ್ತದೆಂಬುದನ್ನೂ ಅಲ್ಲಿಯೇ ಹೇಳಬಹುದು. ಶಾಲೆಯ ಬಾಲಿಕೆಯರ ಮಟ್ಟಿಗೆ ಎಚ್.ಪಿ.ವಿ. ಲಸಿಕೆ ಮುಂದಿನ ಪೀಳಿಗೆಯ ರಕ್ಷೆ. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಅದನ್ನು ಹಾಕಿಸುವುದು ಅತ್ಯಂತ ಫಲಕಾರಿ. ೨೦೨೨ರಲ್ಲಿ ಪುಣೆಯ ಸೀರಂ ಸಂಸ್ಥೆಯು ದೇಶದಲ್ಲಿಯೇ ತಯಾರಿಸಿದ ಲಸಿಕೆಗೆ ಅನುಮತಿ ದೊರೆಯಿತು.

ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ್ದಾರೆ. ತಾಯಂದಿರು ಊರಿನಲ್ಲಿಯೇ ಇದ್ದಾರೆ. ಹಬ್ಬಕ್ಕೆ ಬಂದಾಗ 'ಊಟ ಆಯ್ತೇನವ್ವ, ಮಾತ್ರೆ ತಗೊಂಡ್ಯಾ' ಎಂದು ಕೇಳುವ ಮಕ್ಕಳು, ಹೆಂಡತಿಯ ಮೂಲಕವೋ ಅಕ್ಕತಂಗಿಯರ ಮೂಲಕವೋ ಈ ಪ್ರಶ್ನೆಯನ್ನೂ ಕೇಳಿಸಬೇಕು. ದಾನಿಗಳು ಕಟ್ಟಡಕ್ಕೆ ಕೊಡುವ ದಾನವು ಕಣ್ಣಿಗೆ ಕಾಣುತ್ತದೆ. ಬಡ ಮುದುಕಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯುವ ಬಾಡಿಗೆ, ಆಕೆ ಕಳೆದುಕೊಳ್ಳುವ ದಿನಗೂಲಿ, ಬಯಾಪ್ಸಿಯ ವೆಚ್ಚ ಇವುಗಳಿಗೆ ಕೊಟ್ಟ ದಾನದ ಮೇಲೆ ಹೆಸರಿನ ಕಲ್ಲು ಇರುವುದಿಲ್ಲ. ಶರಣರು ದಾಸೋಹವೆಂದು ಕರೆದುದು ಇಂತಹುದನ್ನೇ.

ಇದಕ್ಕೆಲ್ಲ ಮೊದಲು ಮನೆಯೊಳಗಿನ ಮಾತು ಸರಿಯಾಗಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಸೀರೆಯಲ್ಲಿ ಕಲೆ ಕಂಡ ತಾಯಿ ‘ಮತ್ತೆ ಮುಟ್ಟಾಯಿತು’ ಎನ್ನದೆ ‘ರಕ್ತ ಕಂಡಿತು, ಆಸ್ಪತ್ರೆಗೆ ಕರೆದುಕೊಂಡು ಹೋಗು’ ಎಂದು ಮಗಳೊಡನೆಯೋ ಸೊಸೆಯೊಡನೆಯೋ ಹೇಳುವಂತಾಗಬೇಕು. ಹಾಗೆ ಹೇಳಿದಂದು ಆಕೆಯನ್ನು ಯಾರೂ ನಾಳೆಗೆ ನಿಲ್ಲಿಸದಿರಲಿ.